ಮಾವನ ಕಿವಿಗೆ ಪರೀಕ್ಷೆ

ಮಾವನಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನ ಸೊಸೆಯ ತಲೆಗೆ ಹೊಕ್ಕು ಹದಿನೈದು ದಿನವಾಗಿತ್ತು. ಏನು ಮಾಡಿದರೂ ಹೊರಗೆ ಹೋಗುತ್ತಿರಲಿಲ್ಲ. ಕರೆದರೆ ಮಾವ ಓಗೊಡುವುದಿಲ್ಲ. ಎರಡನೇ ಸಲಕ್ಕೂ ಇಲ್ಲ. ಮೂರನೆಯದಕ್ಕೆ, ಅದೂ ಇವಳಿಗೆ ಕರೆದದ್ದು ಯಾಕೆಂದೇ ಮರೆತುಹೋಗುವ ಹೊತ್ತಿಗೆ, "ಏನಮ್ಮಾ" ಎನ್ನುತ್ತಾರೆ. ಹತ್ತು ತಿಂಗಳ ಮಗುವನ್ನು ಇಂಥವರ ಕೈಗೆ ಒಪ್ಪಿಸಿ ಔಷಧಿ ಅಂಗಡಿಯ ಕೆಲಸಕ್ಕೆ ಮರಳುವುದು ಹೇಗೆ? ಮಗು ಅತ್ತು ಅತ್ತು ಗಂಟಲು ಕಟ್ಟಿದರೂ ಇವರು ಪೇಪರ್ ಓದುತ್ತ ಕೂತಿದ್ದರೆ? ಬರುತ್ತೀಯೋ ಇಲ್ಲವೋ ಭಾನುವಾರ ಸಂಜೆಯೊಳಗೆ ಹೇಳು ಎಂದು ಅಂಗಡಿಯ ಮೇಡಂ ಬೇರೆ ಗಡುವು ಕೊಟ್ಟಿದ್ದರು.

ಗಂಡನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ಅಪ್ಪನಿಗೆ ಕಿವಿ ಮಂದಾನಾ? ಅವರು ನಮ್ಮನ್ನೆಲ್ಲ ಸಾಕಿದ್ದೇ ಕಿವಿಯಿಂದ ಕಣೆ."

ಮಾವ ನಲವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಎಲ್ಲಿ ಎಣ್ಣೆ ಬತ್ತಿದೆ, ಯಾವ ಚಕ್ರದ ಹಲ್ಲು ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದರಂತೆ. ಸರಿ, ಅದು ಆಗಿನ ಮಾತು. ಈಗ ವಯಸ್ಸು ಎಪ್ಪತ್ತು. ಅವಳು ಅವರ ಬೆನ್ನ ಹಿಂದೆ ನಿಂತು ಮೂರು ಸಲ ಚಮಚ ಬೀಳಿಸಿ ನೋಡಿದ್ದಳು, ಮಿಸುಕಿರಲಿಲ್ಲ.

ಗಡುವಿನ ಭಾನುವಾರ ಸಂಜೆಯೇ ಅವರಿದ್ದ ಕಟ್ಟಡದವರೆಲ್ಲ ಆಟವಾಡಲು ಕೆಳಗಿನ ಹಾಲ್‌ನಲ್ಲಿ ಸೇರಿದ್ದರು, ನಲವತ್ತು ಜನಕ್ಕೆ ಕಡಿಮೆಯಿಲ್ಲ. ಮೊದಲ ಮಹಡಿಯ ಟೀಚರ್ ಅಡ್ಡಲಾಗಿ ಪರದೆ ಕಟ್ಟಿದರು. ಪರದೆಯಾಚೆ ಅವರು ಸದ್ದು ಮಾಡುವುದು, ಈಚೆಯ ಎರಡು ಗುಂಪಿನವರು ಅದೇನೆಂದು ಹೇಳುವುದು. ಮಗುವನ್ನು ಪಕ್ಕದ ಕೋಣೆಯಲ್ಲಿ ಕಂಬಿಯ ಮಂಚದಲ್ಲಿ ಮಲಗಿಸಿದ್ದ ಅವಳು ಆಟಕ್ಕಿಂತ ಬಾಗಿಲನ್ನೇ ಹೆಚ್ಚು ನೋಡುತ್ತಿದ್ದಳು.

"ಅಜ್ಜ ನಮ್ಮ ಗುಂಪಿಗೆ ಬೇಡಪ್ಪ," ಎಂದ ಮೇಲಿನ ಮನೆಯ ಡ್ರೈವರ್. "ಹಿಂದೆ ನಿಂತು ಹಾರ್ನ್ ಹೊಡೆದ್ರೂ ತಿರುಗಿ ನೋಡಲ್ಲ ಅವರು."

ಎಲ್ಲರೂ ನಕ್ಕರು. ಅವಳ ಮುಖ ಸಣ್ಣಗಾಯಿತು. ಹಾಗಾದರೆ ಇಡೀ ಕಟ್ಟಡಕ್ಕೇ ಗೊತ್ತು. ಮಾವ ಎದುರು ಗುಂಪಿಗೆ ಹೋಗಿ, ಮಗನ ಪಕ್ಕ ಕೂತರು.

ಮೊದಲನೆಯದು ಕರಕ್ ಕರಕ್ ಎಂಬ ಸದ್ದು. ಚಪ್ಪಲಿ, ಪೊರಕೆ ಎಂದು ಎಲ್ಲರೂ ಬಾಯಿಗೆ ಬಂದದ್ದನ್ನೆಲ್ಲ ಕೂಗಿದರು. ಗಲಾಟೆ ಇಳಿದ ಮೇಲೆ ಮಾವ ಮುಚ್ಚಿದ ಕಣ್ಣು ತೆರೆಯದೆ ಹೇಳಿದರು. "ಕತ್ತರಿ. ಬಟ್ಟೆ ದಪ್ಪ ಇದೆ. ತಿರುಪು ಸಡಿಲ ಆಗಿದೆ, ಬಿಗಿ ಮಾಡ್ಕೊಳ್ಳಿ ಟೀಚರೇ."

ಟೀಚರ್ ಪರದೆ ಸರಿಸಿ ಕತ್ತರಿ ಎತ್ತಿ ಹಿಡಿದರು. ತಿರುಪು ಲೊಡಲೊಡ ಅಲ್ಲಾಡುತ್ತಿತ್ತು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಡಬ್ಬಿಯಲ್ಲಿ ಅಲುಗಿದ್ದು ಕಾಳಲ್ಲ, ಅಂಗಿಯ ಗುಂಡಿ ಎಂದರು, ಗುಂಡಿಯೇ ಆಗಿತ್ತು.

"ಎರಡು ತೂತಿಂದೋ ನಾಲ್ಕು ತೂತಿಂದೋ, ಅದನ್ನೂ ಹೇಳ್ಬಿಡಿ," ಎಂದು ಡ್ರೈವರ್ ಕೆಣಕಿದ.

"ಅದು ಕಣ್ಣಿನ ಕೆಲಸ ಮಾರಾಯ. ನಂದು ಕಿವಿದು."

ಆದರೂ ಕೆಲವನ್ನು ಡ್ರೈವರಿನ ಗುಂಪು ಮೊದಲೇ ಕೂಗಿ ಹೇಳಿದ್ದರಿಂದ ಕೊನೆಯ ಸುತ್ತಿಗೆ ಎರಡೂ ಗುಂಪು ಸರಿಸಮ. ಪರದೆಯಾಚೆಯಿಂದ ಸಣ್ಣಗೆ ಟಿಣ್ ಎಂದಿತು. ನಲವತ್ತು ಜನವೂ ಕಿವಿಗೊಟ್ಟರು. ಡ್ರೈವರಿನ ಗುಂಪು ಗಂಟೆ ಎಂದಿತು, ತಪ್ಪು. ಮಾವ ಕೈ ಎತ್ತಿದರು.

"ಎರಡು ಸದ್ದಿದೆ. ಪರದೆ ಹಿಂದೆ ಗಾಜಿನ ಲೋಟಕ್ಕೆ ಉಂಗುರ ತಾಗ್ತಿದೆ. ಇನ್ನೊಂದು ಪಕ್ಕದ ಕೋಣೇಲಿ, ಮಂಚದ ಕಂಬಿ ಅಲುಗ್ತಿದೆ. ಮಗು ಎದ್ದು ಕಂಬಿ ಹಿಡ್ಕೊಂಡು ನಿಂತಿದೆ. ಬೇಗ ನೋಡು ಹೋಗಮ್ಮಾ."

ಅವಳು ಎದ್ದು ಓಡಿದಳು. ಮಗು ಅತ್ತಿರಲೂ ಇಲ್ಲ. ಕಂಬಿ ಹಿಡಿದು ನಿಂತು, ಒಂದು ಕಾಲನ್ನು ಮೇಲೆತ್ತಿ ಹಾಕಲು ನೋಡುತ್ತಿತ್ತು. ಬಾಚಿ ಎತ್ತಿಕೊಂಡಳು. ಅಷ್ಟರಲ್ಲಿ ಹಾಲ್‌ನಿಂದ ಗೆದ್ದವರ ಚಪ್ಪಾಳೆ, ಸಿಳ್ಳೆ ಕೇಳಿಬಂತು.

ಮಗುವಿನೊಂದಿಗೆ ಮಾವನ ಹತ್ತಿರ ಬಂದು ಕೂತಳು. "ಇಷ್ಟೆಲ್ಲ ಕೇಳಿಸುತ್ತೆ, ನಾನು ಕರೆದ್ರೆ ಮಾತ್ರ ಯಾಕೆ ಸುಮ್ಮನಿರ್ತೀರಿ ಮಾವ?"

"ಕೆಲಸದಿಂದ ಬಂದ ಅಭ್ಯಾಸಮ್ಮ. ಮೊದಲು ಪೂರ್ತಿ ಕೇಳಿಸ್ಕೋಬೇಕು, ಆಮೇಲೆ ಬಾಯಿ ಬಿಡಬೇಕು. ಅಷ್ಟರಲ್ಲಿ ನೀನು ಇನ್ನೆರಡು ಸಲ ಕರೆದಿರ್ತೀಯ." ಮಗುವಿನ ತಲೆ ಸವರುತ್ತ ಸೇರಿಸಿದರು. "ಚಮಚ ಬಿದ್ದಿದ್ದೂ ಕೇಳಿಸ್ತು. ಕೈಜಾರಿ ಬಿದ್ದ ಸದ್ದು ಹಾಗಿರಲ್ಲ, ಅದಕ್ಕೇ ತಿರುಗಲಿಲ್ಲ."

ಅವಳ ಕಿವಿ ಕೆಂಪಾಯಿತು. ನಾಚಿಕೆಗೆ ಅಳಬೇಕೋ ಎನ್ನುವಷ್ಟರಲ್ಲಿ ನಗುವೇ ಉಕ್ಕಿ ಬಂತು. ಡ್ರೈವರ್ ಎದ್ದು ಬಂದು, "ಅಜ್ಜ, ನಾಳೆ ನನ್ನ ಗಾಡಿ ಇಂಜಿನ್ನಿಗೊಂದು ಸಲ ಕಿವಿ ಕೊಡಬೇಕು ನೀವು," ಎಂದು ಅವರ ಕೈ ಹಿಡಿದುಕೊಂಡ.

ಅವಳು ಮಗುವನ್ನು ಅಜ್ಜನ ಮಡಿಲಿಗೆ ಹಾಕಿ, ಮೆಟ್ಟಿಲ ಬಳಿ ಹೋಗಿ ಫೋನ್ ಹಚ್ಚಿದಳು.

"ಮೇಡಂ, ನಾಳೆ ಒಂಬತ್ತಕ್ಕೆ ಅಂಗಡೀಲಿರ್ತೀನಿ."

"ಮಗೂನ ಯಾರು ನೋಡ್ಕೋತಾರೆ?"

"ನಮ್ಮ ಮಾವ," ಎಂದಳು, ಹಾಲ್‌ನ ಗದ್ದಲವನ್ನೂ ಮೀರಿಸುವಷ್ಟು ಗಟ್ಟಿಯಾಗಿ.