ಗೆಲುವಿನ ಕಂಬದ ಆಚೆ

ದಡದಡ ಎನ್ನುತ್ತಿದ್ದ ಸದ್ದು ತಿರುವಿಗೆ ಬರುವಷ್ಟರಲ್ಲಿ ಬಿಡಿಬಿಡಿಯಾಯಿತು. ದಡ್, ದಡ್. ಆಮೇಲೆ ಟಪ್, ಟಪ್. ಅದರೊಳಗೆ ಬೆರೆತು, ಕುಲುಮೆಯ ತಿದಿಯಂತೆ ಕುದುರೆಗಳ ಉಸಿರು. ಗೆಲುವಿನ ಕಂಬದಿಂದ ಬಹಳ ಆಚೆ, ಬೇಲಿಗೆ ಎದೆ ಆನಿಸಿ ನಿಂತ ‘ಮೆತ್ತಗೆ ಮಾವ’ ಕಿವಿಗೊಟ್ಟಿದ್ದು ಈ ಸದ್ದಿಗೆ. ಜನವೆಲ್ಲ ಕಂಬದ ಹತ್ತಿರ ಮುಗಿಬಿದ್ದಿತ್ತು. ಕುದುರೆ ನಿಲ್ಲುವ ಜಾಗದಲ್ಲಿ ಅವನೊಬ್ಬನೇ.

ಆ ಹೆಸರು ಬಂದದ್ದು ಅವನ ಬಾಯಿಂದಲೇ. ಒಂದು ಕಾಲಕ್ಕೆ ಒಳ್ಳೆಯ ಜಾಕಿ. ಕುದುರೆ ಮುಗ್ಗರಿಸಿ, ಮೊಣಕಾಲು ಅದರಡಿ ಸಿಕ್ಕಿ, ಜೀನಿನ ಋಣ ಮುಗಿಯಿತು. ಅಂದಿನಿಂದ ಲಾಯದಲ್ಲಿ ಹೊಸಬರಿಗೆ ಸವಾರಿ ಕಲಿಸುತ್ತಾನೆ. ಅವನ ಪಾಠದಲ್ಲಿ ಮುಕ್ಕಾಲು ಪಾಲು, ಸವಾರನಿಗೂ ಕುದುರೆಗೂ, ಒಂದೇ ಮಾತು: “ಮೆತ್ತಗೆ... ಮೆತ್ತಗೆ.”

“ಕುದುರೆಗೆ ಹೇಳೋದ್ರಲ್ಲಿ ಅರ್ಧ ನಂಗೆ ಹೇಳಿದ್ದಿದ್ರೆ, ನಾನೂ ಇಷ್ಟೊತ್ತಿಗೆ ಒಂದ್ ರೇಸ್ ಗೆದ್ದಿರ್ತಿದ್ದೆ,” ಎಂದು ಅವನ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಲೇ ಅಣಕಿಸುತ್ತಾಳೆ. ಜಾಕಿಗಳ ಬಣ್ಣದ ಅಂಗಿ ಹೊಲಿಯುವುದು ಅವಳ ಕೆಲಸ. ಮಕ್ಕಳಿಲ್ಲದ ಮನೆ. ಲಾಳ ಹೊಡೆಯುವವನ ಮಗಳು, ಎಲ್ಲರೂ ಗುಬ್ಬಿ ಎನ್ನುವವಳು, ಬೆಳಗಿನ ಸವಾರಿ ಮುಗಿಸಿ ಅಲ್ಲೇ ತಿಂಡಿ ತಿಂದು, ಅತ್ತೆಯ ಬಟ್ಟೆ ಚೂರುಗಳ ರಾಶಿಯ ಮೇಲೆ ಒಂದು ನಿದ್ದೆ ತೆಗೆದೇ ಏಳುತ್ತಿದ್ದಳು.

ಇವತ್ತು ಗುಬ್ಬಿ ಸೋತಳು. ಮೂಗಿನಷ್ಟು ಅಂತರ. ಲಾಯದ ಒಡತಿ ಈ ರೇಸನ್ನು ಪರೀಕ್ಷೆ ಎಂದೇ ಇಟ್ಟಿದ್ದಳು. ಪಾಸಾದರೆ ಭಾನುವಾರದ ದೊಡ್ಡ ರೇಸಿನಲ್ಲಿ ಲಾಯದ ಇನ್ನೊಂದು ಕುದುರೆ, ಕರಿಯದು, ಗುಬ್ಬಿಗೆ, ಇಲ್ಲದಿದ್ದರೆ ಹೊರಗಿನ ಜಾಕಿಗೆ. ಪಾಸೋ ಫೇಲೋ ಅಳೆದು ತೂಗಿ ಹೇಳಬೇಕಾದವನು ಮಾವ.

ಅವನು ಎಲ್ಲವನ್ನೂ ನೋಡಿದ್ದ. ಗೆದ್ದವನು ಕಾಲಿಡುವ ರಿಕಾಪಿನ ಮೇಲೆ ಎದ್ದು ನಿಂತು ಒಂದು ಕೈ ಬೀಸಿದಾಗ, ಇನ್ನೊಂದು ಕೈ ಲಗಾಮು ಜಗ್ಗಿದ್ದಕ್ಕೆ ಕುದುರೆಯ ಬಾಯಿ ಹರಿಯುವಂತೆ ತೆರೆದಿತ್ತು. ಹಿಂದೆಯೇ ಬಂದ ಗುಬ್ಬಿಯ ಕೆನ್ನೆಯೆಲ್ಲ ಒದ್ದೆ. ಕೈ ಮಾತ್ರ ಕೆಳಗೆ, ಕುದುರೆಯ ಕುತ್ತಿಗೆಯ ಮೇಲೆ. ಲಗಾಮನ್ನು ಅವಳು ಸ್ವಲ್ಪ ಸ್ವಲ್ಪವೇ ಸಡಿಲ ಬಿಟ್ಟಂತೆ ಕುದುರೆ ತಾನಾಗಿ ತಲೆ ತಗ್ಗಿಸಿ ನಿಂತಿತು.

ರೇಸು ಮುಗಿದ ಮೇಲೆ ಜಾಕಿಗಳನ್ನು ತೂಗುವಲ್ಲಿ ತೂಕ ಒಪ್ಪಿಸಿ ಬಂದವಳು ಈಗ ಲಾಯದ ಅಂಗಳದ ಆ ತುದಿಯಲ್ಲಿ, ಕುದುರೆಯ ಬೆವರು ಆರಲೆಂದು ಅದನ್ನು ನಡೆಸುತ್ತಿದ್ದಳು. ಈ ತುದಿಯಲ್ಲಿ, ನೀರಿನ ತೊಟ್ಟಿಯ ಬಳಿ ಮಾವ. ಒಡತಿ ದುರ್ಬೀನು ನೇತುಹಾಕಿಕೊಂಡು ಅಲ್ಲಿಗೇ ಬಂದಳು.

“ಏನ್ ಮಾವ, ಎಲ್ರೂ ಗೆದ್ದ ಎತ್ತಿನ ಬಾಲ ಹಿಡೀತಾರೆ. ನೀವು ಸೋತ ಕುದುರೇನ ನೋಡ್ತಾ ನಿಂತಿದೀರಲ್ಲ?”

“ಗೆದ್ದಿದ್ದನ್ನ ನೋಡೋಕೆ ಊರೆಲ್ಲ ಇದೆಯಲ್ಲಮ್ಮ.”

“ಸರಿ, ಹೇಳಿ ನಿಮ್ಮ ತೀರ್ಪು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆರದೇನೇ ಮುದ್ದು ಮಾಡ್ತಿದೀರಿ, ಅದೂ ಗೊತ್ತಿದೆ ನಂಗೆ.”

ಆಡಿದ ಮೇಲೆ ಒಡತಿ ನಾಲಿಗೆ ಕಚ್ಚಿಕೊಂಡಳು. ಮಾವ ನಕ್ಕುಬಿಟ್ಟ. ಮಾತೇನೋ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಕುದುರೆ ಬಳಲಿತ್ತು ಎಂದುಬಿಟ್ಟರೆ ಆಯಿತು, ಯಾರು ಕೇಳುತ್ತಾರೆ? ಗಂಟಲವರೆಗೆ ಬಂದ ಆ ಮಾತನ್ನು ಅವನು ನುಂಗಿಕೊಂಡ.

“ಸೋಲು ಅವಳದೇ. ಕುದುರೆ ತಪ್ಪು ಎಳ್ಳಷ್ಟೂ ಇಲ್ಲ. ಕಂಬ ಇನ್ನೇನು ಬಂತು ಅನ್ನೋವಾಗ ಪಕ್ಕಕ್ಕೆ ನೋಡಿದ್ಲು. ತಲೆ ತಿರುಗ್ತು, ಜತೆಗೆ ಭುಜ ತಿರುಗ್ತು, ಕುದುರೆ ಒಂದು ಹೆಜ್ಜೆ ತಡವರಿಸ್ತು. ಗೆಲ್ಲೋ ರೇಸು, ಕೈಯಾರೆ ಕೊಟ್ಲು.”

ಒಡತಿ ಹುಬ್ಬೇರಿಸಿದಳು. “ಹಂಗಾದ್ರೆ ಭಾನುವಾರ ಬೇಡ ಅಂತೀರಾ?”

“ಬೇಕು ಅಂತೀನಿ.”

“ಒಳ್ಳೇ ಕಥೆ ಆಯ್ತಲ್ಲ!”

“ಕತ್ತು ತಿರುಗಿಸ್ಬೇಡ ಅಂತ ನಾಳೆ ಬೆಳಿಗ್ಗೇನೇ ಕಲಿಸ್ಬಹುದು. ಆದ್ರೆ ಅಷ್ಟು ಅಳ್ತಿದ್ರೂ ಆ ಸಂಕಟಾನ ಲಗಾಮಿಗೆ ಇಳಿಸ್ಲಿಲ್ಲ ನೋಡಿ, ಅದನ್ನ ನಾನು ಕಲಿಸಿಲ್ಲ, ಕಲಿಸೋಕೂ ಬರಲ್ಲ. ಕರಿ ಕುದುರೆ ಬಾಯಿ ಹೂವು ಇದ್ದಂಗೆ. ಜಗ್ಗೋ ಕೈ ಕಂಡ್ರೆ ಅದು ಓಡಲ್ಲ, ಜಗಳಕ್ಕೆ ನಿಲ್ಲುತ್ತೆ.”

“ಭಾನುವಾರ ಪಾಠಶಾಲೆ ಅಲ್ಲ ಮಾವ. ಅವತ್ತೂ ಪಕ್ಕಕ್ಕೆ ನೋಡಿದ್ರೆ?”

“ನೋಡಬಹುದು. ನೋಡಲ್ಲ ಅಂತ ನಾನು ಆಣೆ ಇಡಲ್ಲಮ್ಮ.”

ಒಡತಿ ತೊಟ್ಟಿಯ ನೀರಿನಲ್ಲಿ ಬೆರಳಾಡಿಸುತ್ತ ನಿಂತಳು. ಅವಳೂ ಕುದುರೆಗಳ ನಡುವೆಯೇ ಬೆಳೆದವಳು.

“ನೀವು ಸಬೂಬು ಹೇಳ್ತೀರಿ, ನಾನು ಆಗಲ್ಲ ಅಂದ್ಬಿಡೋಣ ಅಂತ್ಲೇ ಬಂದಿದ್ದೆ,” ಎಂದಳು. “ಹೋಗ್ಲಿ ಬಿಡಿ. ಅವಳೇ ಹತ್ಲಿ.”

ಆ ತುದಿಯಲ್ಲಿ ಗುಬ್ಬಿ ನಡೆಯುವುದನ್ನು ನಿಲ್ಲಿಸಿದ್ದಳು. ಕುದುರೆಯ ಹೆಗಲಿಗೆ ಹಣೆ ಒತ್ತಿ, ಯಾರಿಗೂ ಮುಖ ಕಾಣದ ಹಾಗೆ ನಿಂತಿದ್ದಳು.

“ಆದ್ರೆ ಈಗ್ಲೇ ಹೇಳ್ತೀನಿ,” ಒಡತಿಯ ಮಾತು ಸಾಗಿತ್ತು, “ಶುರುವಿಗೇ ನುಗ್ಗೋ ಹಂಗಿಲ್ಲ. ಓಡೋವಾಗ ಒಳಗಿನ ಬೇಲಿ ಪಕ್ಕ ಬಿಟ್ಟು ಆಚೆ ಹೋಗೋ ಹಂಗಿಲ್ಲ. ಸೋತ್ರೆ ನೀವು ಮಧ್ಯ ಬರೋ ಹಂಗಿಲ್ಲ. ಇನ್ನೊಂದು ಏನಂದ್ರೆ— ಮಾವ! ರೀ ಮಾವ, ನಾನಿನ್ನೂ ಮಾತಾಡ್ತಿದೀನಿ!”

ಮಾವ ಕುಂಟುಗಾಲು ಎಳೆಯುತ್ತ ಆಗಲೇ ಅರ್ಧ ಅಂಗಳ ದಾಟಿದ್ದ.