ಮಲಗಿದ ಬುದ್ಧನ ಪಕ್ಕದಲ್ಲಿ ದೊಡ್ಡಮ್ಮ

ನಮ್ಮ ದೊಡ್ಡಮ್ಮ ದೊಡ್ಡಾಸ್ಪತ್ರೆಯಲ್ಲಿ ಆಯಾ. ಹಾಸಿಗೆ ಹಿಡಿದವರನ್ನು ಮಗ್ಗುಲು ತಿರುಗಿಸಿ, ಮೈ ಒರೆಸಿ, ಹತ್ತಿ ಅದ್ದಿ ತುಟಿ ಒದ್ದೆ ಮಾಡುವುದು ಅವರ ಕೆಲಸ. ಕೊನೆಗಳಿಗೆಯಲ್ಲಿ ಯಾರೂ ಇಲ್ಲದವರ ಕೈಯನ್ನು ಅವರೇ ಹಿಡಿದು ಕೂರುತ್ತಿದ್ದರು.

ದೊಡ್ಡಪ್ಪನದು ಸೈಕಲ್ ರಿಪೇರಿ ಅಂಗಡಿ. "ನಿನ್ನ ಕೈ ಸಿಗಬೇಕಾದ್ರೆ ನಾನೂ ಒಂದು ಬೆಡ್ ಹಿಡೀಬೇಕೇನೋ" ಎಂದು ರೇಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಅವರಿಗೆ ಎದೆನೋವು ಬಂತು. ಗಿರಾಕಿಯೊಬ್ಬ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಹೊತ್ತಿಗೆ ದೊಡ್ಡಮ್ಮ ವಾರ್ಡಿನಲ್ಲಿ ಯಾರದೋ ಅಜ್ಜಿಯ ಕೈ ಹಿಡಿದು ಕೂತಿದ್ದರು. ಸುದ್ದಿ ಕೇಳಿ ಬಂದವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕೆ ಹೊರಟರು. "ಎಂಥ ಗಟ್ಟಿ ಜೀವ!" ಎಂದು ಬಂಧುಗಳು ಮೂಗಿನ ಮೇಲೆ ಬೆರಳಿಟ್ಟರು.

ಮರುವರ್ಷ ನಾನು ಹಟಮಾಡಿ ಅವರನ್ನು ಪ್ರವಾಸಕ್ಕೆ ಕರೆದೊಯ್ದೆ. ಬೆಟ್ಟ ಕೊರೆದು ಮಾಡಿದ ಹಳೇ ಬೌದ್ಧ ಗುಹೆಗಳು. ದೊಡ್ಡಮ್ಮ ಮಂಡಿ ನೀವಿಕೊಳ್ಳುತ್ತಾ ಹತ್ತಿದರು. "ಇಷ್ಟು ದೊಡ್ಡ ಬೆಟ್ಟ ಕೊರೆದೋರಿಗೆ ಒಂದು ಕಿಟಕಿ ಇಡೋಕೆ ಏನು ಬಂದಿತ್ತು ಕಣೆ?" ಎಂದು ನಗಿಸಿದರು.

ಒಂದು ಗುಹೆಯ ಗೋಡೆಯುದ್ದಕ್ಕೂ ಬುದ್ಧ ಬಲಮಗ್ಗುಲಾಗಿ ಮಲಗಿದ್ದ. ಕೆನ್ನೆಯ ಕೆಳಗೆ ಅಂಗೈ, ಅದರ ಕೆಳಗೆ ದಿಂಬು. ದೊಡ್ಡಮ್ಮ ಹತ್ತಿರ ಹೋಗಿ ನೋಡಿದರು.

"ನಿದ್ದೆ ಮಾಡ್ತಿದ್ದಾನಾ?"

"ಇಲ್ಲಮ್ಮ, ಇದು ಕೊನೆಗಾಲ," ಎಂದ ಗೈಡ್. "ಕೆಳಗಡೆ ಸಾಲಾಗಿ ಇದ್ದಾರಲ್ಲ, ಶಿಷ್ಯರು. ಅಳ್ತಾ ಇದ್ದಾರೆ."

ದೊಡ್ಡಮ್ಮ ಬಗ್ಗಿ ಆ ಪುಟ್ಟ ಮುಖಗಳನ್ನು ಒಂದೊಂದಾಗಿ ನೋಡಿದರು. ಒಬ್ಬ ತಲೆ ಮೇಲೆ ಕೈ ಹೊತ್ತಿದ್ದ. ಇನ್ನೊಬ್ಬ ಪಕ್ಕದವನಿಗೆ ಒರಗಿದ್ದ.

"ಇಷ್ಟು ಜನ ಇದ್ರಲ್ಲ," ಎಂದರು ಮೆಲ್ಲಗೆ. ಆಮೇಲೆ ನನ್ನ ತೋಳು ಹಿಡಿದುಕೊಂಡರು. "ನಿಮ್ಮ ದೊಡ್ಡಪ್ಪನ ಹತ್ರ ಒಬ್ರೂ ಇರಲಿಲ್ಲ ಕಣೆ. ಊರೋರ ತುಟಿಗೆಲ್ಲ ನೀರು ಹಚ್ಚಿದೆ. ಅವರು ಅಲ್ಲಿ ಎಷ್ಟು ಸಲ ನನ್ನ ಕೂಗಿದ್ರೋ..."

ಅಲ್ಲೇ ಕುಸಿದು, ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ಗುಹೆಯೊಳಗೆ ಅಳು ಗುಂಯ್‌ಗುಟ್ಟಿ ಮತ್ತೆ ನಮ್ಮ ಮೇಲೆಯೇ ಬೀಳುತ್ತಿತ್ತು. ಗೈಡ್ ಉಳಿದ ಪ್ರವಾಸಿಗರನ್ನು ಸದ್ದಿಲ್ಲದೆ ಆಚೆ ಕರೆದೊಯ್ದ. ನಾನು ಅವರ ಬೆನ್ನು ಸವರುತ್ತಾ ಕೂತೆ. ಬೇರೆ ಗುಹೆಗಳನ್ನು ನಾವು ನೋಡಲಿಲ್ಲ.

ಊರಿಗೆ ಮರಳಿದ ಮೇಲೆ ದೊಡ್ಡಮ್ಮ ಮೇಲಿನವರನ್ನು ಕೇಳಿಕೊಂಡು ಬಟ್ಟೆ ಒಗೆಯುವ ವಿಭಾಗಕ್ಕೆ ಹೋದರು. "ಇನ್ನೊಬ್ರ ಕೈ ಹಿಡಿಯೋಕೆ ನನ್ನಿಂದಾಗಲ್ಲ" ಎಂದುಬಿಟ್ಟರು. ವಾರ್ಡಿನ ನರ್ಸಮ್ಮ ಎರಡು ಸಲ ಬಂದು ಕರೆದರೂ ಹೋಗಲಿಲ್ಲ. ಬಟ್ಟೆ ಒಗೆಯುವ ಕಡೆ ದೊಡ್ಡ ಮಷಿನ್ನುಗಳ ಗದ್ದಲ, ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅದೇ ವಾಸಿ ಅನ್ನುತ್ತಾರೆ ದೊಡ್ಡಮ್ಮ.