ಸಿಲ್ವೇನಜ್ಜ ನೆಟ್ಟ ಕೋಲು

ಹೇಳಬೇಕಾದವರಿಗೆ ಹೇಳಲಿಲ್ಲ. ನಾಚಿಕೆಗೆಟ್ಟವನು, ನಿಮಗೆ ಹೇಳುತ್ತಿದ್ದೇನೆ.

ಲ್ವಾರ್ ನದಿ ಬೆಟ್ಟದಿಂದಿಳಿದು ಉತ್ತರಕ್ಕೆ ಹರಿದು, ನಡುವೆ ಅಲಿಯೇ ನದಿಯನ್ನೂ ಅದರ ಮರಳನ್ನೂ ಕೂಡಿಸಿಕೊಂಡು, ಓರ್ಲೆಯಾನಿನಲ್ಲಿ ಪಡುವಣ ಸಮುದ್ರದ ಕಡೆ ತಿರುಗುತ್ತದೆ. ಆ ತಿರುವಿನ ಕೆಳಗೇ ನಮ್ಮೂರು. ಪ್ರತಿ ನೆರೆಗೂ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷದ ಆಳ ಈ ವರ್ಷ ಅಲ್ಲಿರದು. ಅದನ್ನು ಹುಡುಕುವ ಕೆಲಸ ಸಿಲ್ವೇನಜ್ಜನದು. ಸೊಂಟದುದ್ದ ತಣ್ಣೀರಲ್ಲಿ ನಿಂತು, ಗಳದಿಂದ ಆಳ ನೋಡಿ, ದೋಣಿ ದಾಟಬಾರದ ಅಂಚಿಗೆ ಸಾಲಾಗಿ ಕೋಲು ನೆಡುತ್ತಿದ್ದ. ನಲವತ್ತು ವರ್ಷ ಅದೇ ಕೆಲಸ, ಅದೇ ಕೆಮ್ಮು. ಅವನ ಕೋಲು ನಂಬಿ ಒಬ್ಬರೂ ಕೆಟ್ಟಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ನವೆಂಬರಿನಲ್ಲಿ, ನಾನು ಕೆಳಗೆ ಸಮುದ್ರದ ಬಳಿಯ ನಾಂತ್‌ನಿಂದ ದೋಣಿ ತುಂಬ ಉಪ್ಪು ತರುತ್ತಿದ್ದೆ. ಊರಲ್ಲಿ ಹಂದಿ ಕಡಿದು, ಚಳಿಗಾಲಕ್ಕೆಂದು ಮಾಂಸಕ್ಕೆ ಉಪ್ಪು ಹಚ್ಚಿಡುವ ಕಾಲ. ಹಿಂದಿನಿಂದ ಒಳ್ಳೆ ಗಾಳಿ. ನಮ್ಮೂರ ಹತ್ತಿರ ನದಿ ನಡುವೆ ಇರುವ ದ್ವೀಪದ ಬಳಿ ಅಜ್ಜನ ಕೋಲುಗಳು ಬಲಕ್ಕೆ ಬಳಸುದಾರಿ ತೋರಿಸುತ್ತಿದ್ದವು.

"ಮುದುಕನಿಗೆ ಅರಳುಮರಳು. ಈ ನದಿ ನನಗೆ ಗೊತ್ತಿಲ್ವಾ?" ಎಂದುಕೊಂಡು ಕೋಲು ದಾಟಿ ಎಡಕ್ಕೆ, ಹೋದ ವರ್ಷದ ನೇರ ದಾರಿಗೇ ನುಗ್ಗಿದೆ. ದೋಣಿ ಮರಳಿಗೆ ಬಡಿದು ತಳ ಸೀಳಿತು. ಊರಿನ ಉಪ್ಪೆಲ್ಲ ಕಣ್ಣೆದುರೇ ಕರಗಿಹೋಯಿತು.

ದಡದಲ್ಲಿ ಹೆಂಗಸರು ಮುತ್ತಿಕೊಂಡರು. "ಏನ್ ಮಾಡ್ಕೊಂಡು ಬಂದ್ಯೋ ಉರ್ಸೆನ್? ಹಂದಿ ಕಡಿದಾಗಿದೆ, ಮಾಂಸಕ್ಕೆ ನಿನ್ ತಲೆ ಹಚ್ಲಾ?" ಎಂದಳು ರೊಟ್ಟಿ ಅಂಗಡಿಯ ಪೆರೀನ್.

"ನನ್ನೇನ್ ಕೇಳ್ತೀಯ? ಮುದುಕನ ಕೋಲು ನೋಡ್ಕೊಂಡೇ ಬಂದೆ," ಎಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು!

ಅಜ್ಜ ಅಲ್ಲೇ ಇದ್ದ. ನನ್ನ ಮುಖ ನೋಡಿದ, ಗಳ ಹೆಗಲಿಗೇರಿಸಿ ಮನೆಗೆ ನಡೆದ. ಮರುವಾರ ಅವನ ಕೆಲಸ ಬೇರೆಯವರ ಪಾಲಾಯಿತು. ಸಂತೆಯಲ್ಲಿ ಅವನನ್ನು ಕಂಡರೆ "ಕುರುಡುಗೋಲು ಬಂತು" ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮೊನ್ನೆ ಅಜ್ಜ ಹಾಸಿಗೆ ಹಿಡಿದನೆಂದು ಕೇಳಿ ಮೀನಿನ ಸಾರು ಒಯ್ದೆ. "ಅಜ್ಜಾ, ಆವತ್ತು ನಿನ್ನ ಕೋಲು ದಾಟಿ ಎಡಕ್ಕೆ ಹೋಗಿದ್ದೆ," ಎಂದೆ. ತಲೆ ಎತ್ತಲಾಗಲಿಲ್ಲ.

"ಗೊತ್ತು ಕಣೋ. ಮಾರನೇ ದಿನವೇ ಹೋಗಿ ನೋಡಿದ್ದೆ. ಕೋಲು ನೆಟ್ಟಲ್ಲೇ ಇತ್ತು. ನಿನ್ನ ದೋಣಿ ಹಲಗೆ ಆಚೆ ಬಿದ್ದಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ಯಾರು ನಂಬ್ತಿದ್ರು? ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನಿನ್ನೇ ಕಾದೆ." ಕೆಮ್ಮಿದ. "ನನಗ್ ಹೇಳಿ ಏನ್ ಬಂತು? ಹೋಗು, ಪೆರೀನ್‌ಗೆ ಹೇಳು."

ಅವಳ ಅಂಗಡಿಗೆ ಹೋದೆ. ಬಾಯಿ ತೆರೆದೆ. ಎರಡು ರೊಟ್ಟಿ ಕೇಳಿ ಮನೆಗೆ ಬಂದೆ.

ಈ ಬೆಳಿಗ್ಗೆ ಚರ್ಚಿನಲ್ಲಿ ಸಾವಿನ ಗಂಟೆ ಬಾರಿಸಿದರು. "ಪಾಪ, ಕುರುಡುಗೋಲು ಹೋಯ್ತಂತೆ," ಎಂದಳು ಪೆರೀನ್. ನಾನು ಹೌದೆಂದು ತಲೆಯಾಡಿಸಿದೆ.